ಹೃದಯ, ಸಕ್ಕರೆ ಎರಡಕ್ಕೂ ಒಂದೇ ಚೀಟಿ

ದೇಹಕ್ಕೆ ಬೇಕಾದಷ್ಟು ರಕ್ತವನ್ನು ಪಂಪ್ ಮಾಡಲಾಗದೆ ಹೃದಯ ಸೋಲುವ ಸ್ಥಿತಿಗೆ ಹೃದಯ ವೈಫಲ್ಯ ಎನ್ನುತ್ತಾರೆ. ರಕ್ತ ಮುಂದೆ ಸಾಗದಿದ್ದಾಗ ಹಿಂದೆ ಒತ್ತಡ ಏರುತ್ತದೆ, ಶ್ವಾಸಕೋಶದಲ್ಲಿ ನೀರು ಸೇರುತ್ತದೆ, ಮೂತ್ರಪಿಂಡಗಳು ಉಪ್ಪು ನೀರನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತವೆ. ರಾಯಚೂರು ಸೀಮೆಯ ರೋಗಿಗಳು ಇದನ್ನು ದಮ್ಮು, ಕಾಲು ಬಾವು, ಸುಸ್ತು ಎಂಬ ಮೂರೇ ಮಾತುಗಳಲ್ಲಿ ಹೇಳಿಬಿಡುತ್ತಾರೆ. ಹೀಗೆ ಹೇಳಿಕೊಂಡು ಆಸ್ಪತ್ರೆಗೆ ಬರುವವರಲ್ಲಿ ಸಕ್ಕರೆ ಕಾಯಿಲೆ ಇರುವವರ ಪಾಲು ದೊಡ್ಡದು. 2019–20ರಲ್ಲಿ ದೇಶದ 53 ಆಸ್ಪತ್ರೆಗಳಿಂದ 10,800ಕ್ಕೂ ಹೆಚ್ಚು ರೋಗಿಗಳ ವಿವರ ಕಲೆಹಾಕಿದ ರಾಷ್ಟ್ರೀಯ ಹೃದಯ ವೈಫಲ್ಯ ದಾಖಲೆಯ ಪ್ರಕಾರ ಹತ್ತರಲ್ಲಿ ನಾಲ್ವರಿಗೂ ಹೆಚ್ಚು ಮಂದಿಗೆ ಮಧುಮೇಹವಿತ್ತು. ರೋಗಿಗಳ ಸರಾಸರಿ ವಯಸ್ಸು 60ರ ಆಸುಪಾಸು. ದಾಖಲಾದ 90 ದಿನಗಳೊಳಗೆ ಏಳರಲ್ಲಿ ಒಬ್ಬರು ತೀರಿಕೊಂಡರು.

ಅದೇ ದಾಖಲೆಯ ಇನ್ನೊಂದು ಅಂಶ ಆಸ್ಪತ್ರೆಗಳು ಗಮನಿಸಬೇಕಾದದ್ದು. ಹೃದಯದ ಸಂಕೋಚನ ಶಕ್ತಿ ಕುಗ್ಗಿದ ರೋಗಿಗಳಲ್ಲಿ ಮಾರ್ಗಸೂಚಿ ಹೇಳುವ ಔಷಧಗಳು ಸಿಕ್ಕಿದ್ದು ಅರ್ಧದಷ್ಟು ಜನರಿಗೂ ಅಲ್ಲ, ಶೇ 47ರಷ್ಟು ಮಂದಿಗೆ ಮಾತ್ರ. ಔಷಧ ಇದೆ, ಅದರ ಗುಣವೂ ಸಾಬೀತಾಗಿದೆ. ಆದರೆ ಆಸ್ಪತ್ರೆಯ ಹಾಸಿಗೆಯಿಂದ ಮನೆಯ ಮಂಚದವರೆಗಿನ ದಾರಿಯಲ್ಲಿ ಎಲ್ಲೋ ಅದು ತಪ್ಪಿಹೋಗುತ್ತಿದೆ.

ಸಕ್ಕರೆಯವರ ಹೃದಯ ಏಕೆ ಸೋಲುತ್ತದೆ

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ 1974ರಲ್ಲೇ ಈ ನಂಟನ್ನು ತೋರಿಸಿತ್ತು. ಮಧುಮೇಹವಿಲ್ಲದವರಿಗೆ ಹೋಲಿಸಿದರೆ ಮಧುಮೇಹವಿರುವ ಗಂಡಸರಲ್ಲಿ ಹೃದಯ ವೈಫಲ್ಯ ಎರಡು ಪಟ್ಟು, ಹೆಂಗಸರಲ್ಲಿ ಐದು ಪಟ್ಟು ಹೆಚ್ಚು ಕಂಡುಬಂದಿತ್ತು. ಇದಕ್ಕೆ ಕಾರಣ ಒಂದಲ್ಲ. ಸಕ್ಕರೆ ಕಾಯಿಲೆ ಹೃದಯದ ರಕ್ತನಾಳಗಳಲ್ಲಿ ಅಡೆತಡೆ ಬೆಳೆಸುತ್ತದೆ, ಸ್ನಾಯುವನ್ನು ನೇರವಾಗಿಯೂ ಬಿಗಿಗೊಳಿಸುತ್ತದೆ. ಮೂತ್ರಪಿಂಡ ಸವೆದಂತೆ ಉಪ್ಪು ನೀರು ದೇಹದಲ್ಲೇ ಉಳಿಯುತ್ತದೆ. ಜೊತೆಗೆ ನರಗಳ ಸಂವೇದನೆ ಕುಂದಿದವರಿಗೆ ಹೃದಯಾಘಾತವಾದರೂ ಎದೆನೋವೇ ಬರದಿರಬಹುದು. ಅಂಥವರು ಆಘಾತದ ದಿನ ಆಸ್ಪತ್ರೆಗೆ ಬರುವುದಿಲ್ಲ. ತಿಂಗಳುಗಳ ನಂತರ, ರಾತ್ರಿ ಮಲಗಲಾಗದಷ್ಟು ದಮ್ಮು ಬಂದಾಗ ಬರುತ್ತಾರೆ. ಆಗ ತೆಗೆದ ಇಸಿಜಿಯಲ್ಲಿ ಹಳೆಯ ಆಘಾತದ ಗುರುತು ಕಾಣುತ್ತದೆ.

ಮೂರು ಊರು, ಒಂದು ದಾರಿ

ರಾಯಚೂರು ನಗರದಲ್ಲಿ 2007ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ, ಅಂದರೆ ರಿಮ್ಸ್‌ನ, ಬೋಧಕ ಆಸ್ಪತ್ರೆಯಿದೆ. ಜನ ಓಪೆಕ್ ಆಸ್ಪತ್ರೆ ಎಂದೇ ಕರೆಯುವ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯಿದೆ. ನವೋದಯ ವೈದ್ಯಕೀಯ ಕಾಲೇಜು ಮತ್ತು ಖಾಸಗಿ ನರ್ಸಿಂಗ್ ಹೋಮ್‌ಗಳೂ ಇವೆ. ದೇವದುರ್ಗ ಮತ್ತು ಮಾನ್ವಿಯಲ್ಲಿ ತಾಲೂಕು ಆಸ್ಪತ್ರೆಗಳಿವೆ. ಎರಡೂ ಊರುಗಳು ಜಿಲ್ಲಾ ಕೇಂದ್ರದಿಂದ 50 ಕಿ.ಮೀ. ಆಸುಪಾಸಿನಲ್ಲಿವೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಗೆ ಸೇರಿಸಿದ ದೇವದುರ್ಗದಿಂದ ಕೂಲಿಕಾರ ಕುಟುಂಬಗಳು ಬೆಂಗಳೂರು, ಹೈದರಾಬಾದ್ ಕಡೆ ಗುಳೆ ಹೋಗುವುದು ಈಗಲೂ ನಿಂತಿಲ್ಲ. ಇನ್ನೂ ದೊಡ್ಡ ಚಿಕಿತ್ಸೆ ಬೇಕೆಂದರೆ ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆ, ಇಲ್ಲವೇ ಹೈದರಾಬಾದ್, ಬೆಂಗಳೂರು. ಕಲಬುರಗಿಯಲ್ಲಿ ಜಯದೇವದ 371 ಹಾಸಿಗೆಗಳ ಹೊಸ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ರಾಯಚೂರಿಗೆ ಏಮ್ಸ್ ಬೇಕೆಂಬ ಧರಣಿ 2022ರಲ್ಲಿ ಶುರುವಾಗಿ ವರ್ಷಗಟ್ಟಲೆ ನಡೆದಿದೆ.

ಹೃದಯಾಘಾತದ ವಿಷಯದಲ್ಲಿ ರಾಜ್ಯ ಒಂದು ವ್ಯವಸ್ಥೆ ಕಟ್ಟಿದೆ. 2023ರ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ, ರಕ್ತದ ಗಡ್ಡೆ ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡಲಾಗುತ್ತದೆ. ಹೀಗೆ ಬದುಕುಳಿದವರಲ್ಲಿ ಕೆಲವರ ಹೃದಯದ ಸ್ನಾಯು ಅಷ್ಟರಲ್ಲೇ ಹಾನಿಗೊಂಡಿರುತ್ತದೆ. ಅವರೇ ಮುಂದೆ ಹೃದಯ ವೈಫಲ್ಯದ ರೋಗಿಗಳಾಗಿ ಬರುತ್ತಾರೆ. ಆಘಾತಕ್ಕೆ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಕೊಡುವ ಜಾಲ ಸಿದ್ಧವಾದಂತೆ, ವೈಫಲ್ಯಕ್ಕೆ ವಾರಗಳ ಲೆಕ್ಕದಲ್ಲಿ ಆರೈಕೆ ನೀಡುವ ಜಾಲವೂ ಬೇಕಾಗುತ್ತದೆ.

ದಾಖಲಾದ ದಿನ

ಮೊದಲ ದಿನ ಮೂರು ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ಇದು ಹೃದಯ ವೈಫಲ್ಯವೇ? ಈಗಲೇ ಏಕೆ ಉಲ್ಬಣಿಸಿತು? ರೋಗಿ ಈವರೆಗೆ ಯಾವ ಮಾತ್ರೆ ನುಂಗುತ್ತಿದ್ದರು?

ಮೊದಲ ಪ್ರಶ್ನೆಗೆ ರೋಗಿಯ ಪರೀಕ್ಷೆ, ಎಕ್ಸ್‌ರೇ, ಇಸಿಜಿ ಮತ್ತು ಎಕೋ ಉತ್ತರ ಕೊಡುತ್ತವೆ. ದಮ್ಮು ಅಸ್ತಮಾದಿಂದಲೋ ನ್ಯುಮೋನಿಯಾದಿಂದಲೋ ಎಂಬ ಅನುಮಾನವಿದ್ದರೆ ಎನ್‌ಟಿ-ಪ್ರೊಬಿಎನ್‌ಪಿ ರಕ್ತಪರೀಕ್ಷೆ ನೆರವಾಗುತ್ತದೆ. ಅದರ ಮಟ್ಟ 300ಕ್ಕಿಂತ ಕಡಿಮೆಯಿದ್ದರೆ ತೀವ್ರ ಹೃದಯ ವೈಫಲ್ಯ ಇರುವ ಸಂಭವ ತೀರಾ ಕಡಿಮೆ. ಒಂದು ಬಡಿತಕ್ಕೆ ಹೃದಯದ ಎಡ ಕೋಣೆ ತನ್ನಲ್ಲಿರುವ ರಕ್ತದಲ್ಲಿ ಎಷ್ಟು ಭಾಗವನ್ನು ಹೊರಹಾಕುತ್ತದೆ ಎಂಬುದನ್ನು ಎಕೋ ತೋರಿಸುತ್ತದೆ. ಶೇ 40 ಅಥವಾ ಅದಕ್ಕಿಂತ ಕಡಿಮೆಯಾದರೆ ಸಂಕೋಚನ ಕುಗ್ಗಿದ ವೈಫಲ್ಯ, 50 ಅಥವಾ ಹೆಚ್ಚಿದ್ದರೆ ಸ್ನಾಯು ಬಿಗಿಯಾದ ವೈಫಲ್ಯ. ವಯಸ್ಸಾದ, ಬೊಜ್ಜು ಮತ್ತು ರಕ್ತದೊತ್ತಡ ಇರುವ ಮಧುಮೇಹಿ ಹೆಂಗಸರಲ್ಲಿ ಎರಡನೆಯದು ಹೆಚ್ಚು. ಎಕೋದಲ್ಲಿ ಪಂಪಿಂಗ್ ಚೆನ್ನಾಗಿದೆ ಎಂದ ಮಾತ್ರಕ್ಕೆ ದಮ್ಮಿಗೂ ಹೃದಯಕ್ಕೂ ಸಂಬಂಧವಿಲ್ಲ ಎಂದು ಕಳಿಸಿಬಿಟ್ಟರೆ ಇಂಥವರು ರೋಗ ಪತ್ತೆಯಾಗದೇ ಉಳಿಯುತ್ತಾರೆ.

ಎರಡನೆಯ ಪ್ರಶ್ನೆಗೆ ಸಾಮಾನ್ಯ ಉತ್ತರಗಳು ಹೊಸ ಹೃದಯಾಘಾತ, ಸೋಂಕು, ಏರಿದ ರಕ್ತದೊತ್ತಡ, ಹೃದಯದ ಲಯ ತಪ್ಪುವುದು, ನಿಂತುಹೋದ ಮಾತ್ರೆ. ಮಧುಮೇಹಿಯ ಪಾದವನ್ನು ಮೊದಲ ದಿನವೇ ನೋಡಬೇಕು. ಬರಿಗಾಲಲ್ಲಿ ಹೊಲಕ್ಕೆ ಹೋಗುವವರ ಕಾಲ್ಬೆರಳ ಸಂದಿಯ ಕೀವುಗಟ್ಟಿದ ಗಾಯವೇ ಹೃದಯವನ್ನು ಸೋಲಿಸಿರಬಹುದು. ರಕ್ತಹೀನತೆಯನ್ನೂ ಹುಡುಕಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಶೇ 48ರಷ್ಟು ಮಂದಿಗೆ ರಕ್ತಹೀನತೆಯಿದೆ. ಕಬ್ಬಿಣದ ಕೊರತೆ ಹೃದಯ ವೈಫಲ್ಯದ ಸುಸ್ತನ್ನು ಹೆಚ್ಚಿಸುತ್ತದೆ. ಅಷ್ಟೇ ಅಲ್ಲ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಫಲಿತಾಂಶವನ್ನೂ ಅಡ್ಡದಾರಿಗೆ ಎಳೆಯುತ್ತದೆ.

ಮೂರನೆಯ ಪ್ರಶ್ನೆಗೆ ಉತ್ತರ ರೋಗಿಯ ಕಡೆಯವರು ತಂದ ಪ್ಲಾಸ್ಟಿಕ್ ಚೀಲದಲ್ಲಿರುತ್ತದೆ. ಅದನ್ನು ಹಾಸಿಗೆಯ ಮೇಲೆ ಸುರಿದು ಒಂದೊಂದೇ ಪಟ್ಟಿಯ ಹಿಂಬದಿಯ ಸಣ್ಣಕ್ಷರ ಓದಬೇಕು. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ಪಯೋಗ್ಲಿಟಜೋನ್ ಮೂರನ್ನೂ ಬೆರೆಸಿದ ಮಾತ್ರೆ ಭಾರತದಲ್ಲಿ ಅಗ್ಗವಾಗಿ, ಹೇರಳವಾಗಿ ಸಿಗುತ್ತದೆ. ಇದರಲ್ಲಿರುವ ಪಯೋಗ್ಲಿಟಜೋನ್ ದೇಹದಲ್ಲಿ ನೀರು ನಿಲ್ಲಿಸುತ್ತದೆ. ಈ ಬಗೆಯ ಔಷಧಗಳ ಮೇಲೆ ಹೃದಯ ವೈಫಲ್ಯದ ಎಚ್ಚರಿಕೆಯನ್ನು ದಪ್ಪ ಚೌಕಟ್ಟಿನಲ್ಲಿ ಮುದ್ರಿಸುವಂತೆ ಅಮೆರಿಕದ ಔಷಧ ನಿಯಂತ್ರಕರು 2007ರಲ್ಲೇ ಸೂಚಿಸಿದ್ದರು. ಸ್ಯಾಕ್ಸಾಗ್ಲಿಪ್ಟಿನ್ ಎಂಬ ಇನ್ನೊಂದು ಸಕ್ಕರೆ ಮಾತ್ರೆ ಹೃದಯ ವೈಫಲ್ಯದ ದಾಖಲಾತಿಯನ್ನು ಶೇ 27ರಷ್ಟು ಹೆಚ್ಚಿಸಿದ್ದು 2013ರ ದೊಡ್ಡ ಪ್ರಯೋಗದಲ್ಲಿ ಗೊತ್ತಾಯಿತು. ಈ ಮಾತ್ರೆಗಳನ್ನು ನಿಲ್ಲಿಸುವುದೇ ಕೆಲವರಿಗೆ ಅರ್ಧ ಚಿಕಿತ್ಸೆ.

ಚೀಲದಲ್ಲಿ ಕಾಣದ ಎರಡು ಸಂಗತಿಗಳನ್ನು ಬಾಯಿಬಿಟ್ಟು ಕೇಳಬೇಕು. ಭತ್ತದ ಗದ್ದೆ, ಹತ್ತಿಯ ಹೊಲದಲ್ಲಿ ದುಡಿಯುವವರು ಮೈಕೈ ನೋವಿಗೆ ತೆಗೆದುಕೊಳ್ಳುವ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ, ಇಂಜೆಕ್ಷನ್‌ಗಳು ಮೂತ್ರಪಿಂಡವನ್ನು ಕೆಡಿಸಿ ದೇಹದಲ್ಲಿ ನೀರು ಹೆಚ್ಚಿಸುತ್ತವೆ. ಸುಸ್ತು ಎಂದಾಕ್ಷಣ ಊರಿನ ಆರ್‌ಎಂಪಿ ಹತ್ತಿರ ಹೋಗಿ ಸಲಾಯಿನ್ ಬಾಟ್ಲಿ ಹಚ್ಚಿಸಿಕೊಳ್ಳುವುದು ಇನ್ನೂ ಅಪಾಯ. ಒಂದು ಲೀಟರ್ ಸಲಾಯಿನ್‌ನಲ್ಲಿ ಸುಮಾರು 9 ಗ್ರಾಂ ಉಪ್ಪಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳಿರುವುದು 5 ಗ್ರಾಂಗಿಂತ ಕಡಿಮೆ.

ವಾರ್ಡಿನ ಲೆಕ್ಕ

ನೀರು ಇಳಿಸಲು ಫ್ಯುರೋಸೆಮೈಡ್ ಚುಚ್ಚುಮದ್ದು ಮೊದಲ ಆಯುಧ. ಅದನ್ನು ಕೊಟ್ಟ ಮೇಲೆ ಎಷ್ಟು ಮೂತ್ರ ಬಂತು ಎಂಬುದು ಮುಖ್ಯ. ಮೊದಲ ಆರು ಗಂಟೆಗಳಲ್ಲಿ ಗಂಟೆಗೆ 100ರಿಂದ 150 ಮಿ.ಲೀ.ಗಿಂತ ಕಡಿಮೆ ಬಂದರೆ ಪ್ರಮಾಣವನ್ನು ದ್ವಿಗುಣಗೊಳಿಸಬೇಕೆಂದು ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ಮರುದಿನ ಬೆಳಗಿನ ರೌಂಡ್ಸ್‌ವರೆಗೆ ಕಾಯುತ್ತ ಕೂರುವುದು ಇಲ್ಲಿ ನಡೆಯುವುದಿಲ್ಲ. ಇದಕ್ಕೆ ಬೇಕಾದದ್ದು ಮೂತ್ರ ಅಳೆಯುವ ಪಾತ್ರೆ, ಗಡಿಯಾರ ಮತ್ತು ಪ್ರಮಾಣ ಹೆಚ್ಚಿಸಲು ಮೊದಲೇ ಬರೆದಿಟ್ಟ ಆದೇಶ.

ಪ್ರತಿದಿನ ಬೆಳಿಗ್ಗೆ, ಮೂತ್ರ ಮಾಡಿದ ಮೇಲೆ, ತಿಂಡಿಗೆ ಮುಂಚೆ, ಒಂದೇ ಯಂತ್ರದಲ್ಲಿ ತೂಕ ನೋಡಬೇಕು. ಉದಾಹರಣೆಗೆ, ದಾಖಲಾದಾಗ 64 ಕಿಲೊ ಇದ್ದವರು ಐದನೇ ದಿನ 60 ಕಿಲೊ ಆಗಿದ್ದರೆ ಹೋಗಿರುವ ನಾಲ್ಕು ಕಿಲೊ ಬಹುಪಾಲು ನೀರೇ. ಕಾಲು ಬಾವು ಇಳಿದು, ತಲೆದಿಂಬು ಒಂದೇ ಸಾಕಾಗಿ, ಮೆಟ್ಟಿಲು ಹತ್ತಿದರೂ ದಮ್ಮು ಬರದಿದ್ದರೆ ಆ 60 ಕಿಲೊವೇ ರೋಗಿಯ ಒಣ ತೂಕ. ದಮ್ಮು ಕಡಿಮೆಯಾಯಿತು ಎಂದು ಅದಕ್ಕೂ ಮೊದಲೇ ಮನೆಗೆ ಕಳಿಸಿದರೆ ಉಳಿದ ನೀರು ಕೆಲವೇ ವಾರಗಳಲ್ಲಿ ರೋಗಿಯನ್ನು ಮರಳಿ ಕರೆತರುತ್ತದೆ. ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂಗಳನ್ನೂ ಈ ದಿನಗಳಲ್ಲಿ ಮತ್ತೆ ಮತ್ತೆ ನೋಡುತ್ತಿರಬೇಕು.

ಸಕ್ಕರೆಯ ಲೆಕ್ಕ ಇದರ ಜೊತೆಗೇ ನಡೆಯಬೇಕು. ಒಳರೋಗಿಗಳಲ್ಲಿ ಹೆಚ್ಚಿನವರಿಗೆ 140ರಿಂದ 180ರ ನಡುವಿನ ಮಟ್ಟ ಸಾಕು. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ದುರ್ಬಲ ಹೃದಯಕ್ಕೆ ಅದು ಹೊಸ ಪೆಟ್ಟು. ಇದು ಹೆಚ್ಚಾಗಿ ಆಗುವುದು ಇನ್ಸುಲಿನ್ ಕೊಟ್ಟ ಮೇಲೆ ಊಟ ತಡವಾದಾಗ, ಇಲ್ಲವೇ ದಮ್ಮಿನಿಂದ ರೋಗಿ ಎರಡು ತುತ್ತು ತಿಂದು ಕೈತೊಳೆದಾಗ. ತಟ್ಟೆ ಕೈಗೆ ಬಂದ ಮೇಲೆ ಇನ್ಸುಲಿನ್ ಎಂಬ ನಿಯಮ ವಾರ್ಡಿನಲ್ಲಿದ್ದರೆ ಇದನ್ನು ಬಹುಮಟ್ಟಿಗೆ ತಪ್ಪಿಸಬಹುದು. ರೋಗಿ ಹೃದಯ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ತೆಗೆದುಕೊಳ್ಳುತ್ತಿದ್ದರೆ ಸಕ್ಕರೆ ಇಳಿದಾಗಿನ ಎದೆ ಡವಡವ, ಕೈನಡುಕ ಕಾಣದೇ ಹೋಗಬಹುದು; ಬೆವರುವುದು ಮಾತ್ರ ಕಾಣುತ್ತದೆ. ತಣ್ಣಗೆ ಬೆವರಿದವರ ಸಕ್ಕರೆಯನ್ನು ತಕ್ಷಣ ಪರೀಕ್ಷಿಸಬೇಕು. ಆಮ್ಲಜನಕ ಕಡಿಮೆಯಿರುವಾಗ, ಮೂತ್ರಪಿಂಡದ ಕೆಲಸ ತೀರಾ ಕುಗ್ಗಿದಾಗ ಮೆಟ್‌ಫಾರ್ಮಿನ್ ನಿಲ್ಲಿಸಬೇಕು. ಮೂತ್ರಪಿಂಡ ಸೋತವರಲ್ಲಿ ಗ್ಲಿಮೆಪಿರೈಡ್ ಪ್ರಮಾಣ ಇಳಿಸದಿದ್ದರೆ ಸಕ್ಕರೆ ಏಕಾಏಕಿ ಕುಸಿಯಬಹುದು.

ನಾಲ್ಕು ಔಷಧ

ಸಂಕೋಚನ ಕುಗ್ಗಿದ ಹೃದಯಕ್ಕೆ ಆಯುಷ್ಯ ಹೆಚ್ಚಿಸುವ ಔಷಧಗಳು ನಾಲ್ಕು ಬಗೆ. ಒಂದು, ಎನಾಲಾಪ್ರಿಲ್‌ನಂಥವು ಅಥವಾ ಅವುಗಳ ಬದಲಿಗೆ ಸ್ಯಾಕುಬಿಟ್ರಿಲ್–ವಾಲ್ಸಾರ್ಟಾನ್. ಎರಡು, ಬೀಟಾ ಬ್ಲಾಕರ್‌ಗಳಾದ ಕಾರ್ವೆಡಿಲಾಲ್, ಬಿಸೊಪ್ರೊಲಾಲ್ ಅಥವಾ ಮೆಟೊಪ್ರೊಲಾಲ್ ಸಕ್ಸಿನೇಟ್. ಮೂರು, ಸ್ಪೈರೊನೊಲ್ಯಾಕ್ಟೋನ್. ನಾಲ್ಕು, ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್. ನಾಲ್ಕನೆಯದು ಸಕ್ಕರೆಗೆಂದೇ ಬಂದ ಔಷಧ. ರಕ್ತದಲ್ಲಿರುವ ಸಕ್ಕರೆ ಮತ್ತು ಸ್ವಲ್ಪ ಉಪ್ಪನ್ನು ಮೂತ್ರದ ಮೂಲಕ ಹೊರಹಾಕುವಂತೆ ಅದು ಮೂತ್ರಪಿಂಡವನ್ನು ಪ್ರೇರೇಪಿಸುತ್ತದೆ. ಹೃದಯಕ್ಕೂ ಅದರಿಂದ ಲಾಭವಿದೆ ಎಂಬ ಸುಳಿವು 2015ರಲ್ಲಿ ಸಿಕ್ಕಿತು. 2019ರಲ್ಲಿ 4,744 ರೋಗಿಗಳ ಪ್ರಯೋಗವೊಂದು ಮಧುಮೇಹ ಇರಲಿ, ಬಿಡಲಿ, ಹೃದಯದ ಕಾರಣದ ಸಾವು ಮತ್ತು ವೈಫಲ್ಯ ಉಲ್ಬಣಿಸುವುದು ಒಟ್ಟಾರೆ ಶೇ 26ರಷ್ಟು ಕಡಿಮೆಯಾಗುತ್ತದೆಂದು ತೋರಿಸಿತು. 2021 ಮತ್ತು 2022ರಲ್ಲಿ, ಸ್ನಾಯು ಬಿಗಿಯಾದ ಬಗೆಯ ವೈಫಲ್ಯದಲ್ಲೂ ಅದು ನೆರವಾಗುವುದು ಖಚಿತವಾಯಿತು.

ಆಸ್ಪತ್ರೆಗಳಿಗೆ ಮುಖ್ಯವಾದ ಪ್ರಶ್ನೆ, ಇದನ್ನು ಯಾವಾಗ ಶುರು ಮಾಡಬೇಕು ಎಂಬುದು. ವೈಫಲ್ಯ ಉಲ್ಬಣಿಸಿ ದಾಖಲಾಗಿದ್ದ 1,222 ಮಧುಮೇಹಿಗಳಿಗೆ, ಡಿಸ್ಚಾರ್ಜ್‌ಗೆ ತುಸು ಮುಂಚೆ ಅಥವಾ ಅದಾದ ಕೂಡಲೇ ಇದೇ ಗುಂಪಿನ ಸೊಟಾಗ್ಲಿಫ್ಲೋಜಿನ್ ಆರಂಭಿಸಿದ 2020ರ ಪ್ರಯೋಗದಲ್ಲಿ, ಹೃದಯದ ಕಾರಣದ ಸಾವು, ಮರುದಾಖಲಾತಿ ಮತ್ತು ತುರ್ತು ಭೇಟಿಗಳು ಒಟ್ಟಾಗಿ ಮೂರನೇ ಒಂದು ಭಾಗದಷ್ಟು ಇಳಿದವು. ಆದ್ದರಿಂದ ರಕ್ತದೊತ್ತಡ ಸ್ಥಿರವಾದ ಮೇಲೆ ವಾರ್ಡಿನಲ್ಲೇ ಶುರು ಮಾಡುವುದು ಸರಿ. ಮುಂದಿನ ಸಲ ನೋಡೋಣ ಎಂದು ಬಿಟ್ಟರೆ, ಆ ಮುಂದಿನ ಸಲ ಅನೇಕರಿಗೆ ಬರುವುದೇ ಇಲ್ಲ. ಬೆಲೆಯ ಅಡ್ಡಿಯೂ ಈಗ ಕಡಿಮೆಯಾಗಿದೆ. ಡಪಾಗ್ಲಿಫ್ಲೋಜಿನ್ ಪೇಟೆಂಟ್ 2020ರಲ್ಲೂ ಎಂಪಾಗ್ಲಿಫ್ಲೋಜಿನ್ ಪೇಟೆಂಟ್ 2025ರ ಮಾರ್ಚ್‌ನಲ್ಲೂ ಭಾರತದಲ್ಲಿ ಮುಗಿದು, ಹಲವು ಕಂಪನಿಗಳ ಅಗ್ಗದ ಮಾತ್ರೆಗಳು ಅಂಗಡಿಗೆ ಬಂದಿವೆ.

ಆದರೂ ಎಚ್ಚರ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 42 ಡಿಗ್ರಿ ದಾಟುತ್ತದೆ. ಮೂತ್ರ ಹೆಚ್ಚಿಸುವ ಎರಡು ಮೂರು ಔಷಧಗಳನ್ನು ಒಟ್ಟಿಗೆ ತೆಗೆದುಕೊಳ್ಳುವವರಿಗೆ ಆಗ ತಲೆ ತಿರುಗಬಹುದು, ಮೂತ್ರಪಿಂಡಕ್ಕೆ ಪೆಟ್ಟಾಗಬಹುದು. ಬೇಸಿಗೆಯಲ್ಲಿ ಫ್ಯುರೋಸೆಮೈಡ್ ಪ್ರಮಾಣವನ್ನು ಮರುಪರಿಶೀಲಿಸಬೇಕು. ವಾಂತಿಭೇದಿಯಾದಾಗ, ಊಟ ಬಿಟ್ಟಾಗ, ಶಸ್ತ್ರಚಿಕಿತ್ಸೆಗೆ ಮುನ್ನ ಈ ಗ್ಲಿಫ್ಲೋಜಿನ್ ಗುಂಪಿನ ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು. ಇಲ್ಲದಿದ್ದರೆ ಸಕ್ಕರೆ ಹೆಚ್ಚಾಗದೆಯೂ ರಕ್ತ ಆಮ್ಲವಾಗುವ ಅಪಾಯವಿದೆ. ಶ್ರಾವಣದ ಉಪವಾಸ, ರಂಜಾನ್ ರೋಜಾಕ್ಕೆ ಮೊದಲೇ ವೈದ್ಯರನ್ನು ಕೇಳಬೇಕು. ಜನನಾಂಗದ ತುರಿಕೆ, ಸೋಂಕು ಬಂದರೆ ಸಂಕೋಚಪಡದೆ ಹೇಳಬೇಕೆಂದು, ಮುಖ್ಯವಾಗಿ ಹೆಂಗಸರಿಗೆ, ನರ್ಸ್ ಮೊದಲೇ ತಿಳಿಸಿರಬೇಕು.

ಮನೆಗೆ ಹೋಗುವ ದಿನ

ಹೃದಯ ವೈಫಲ್ಯದ ರೋಗಿಗೆ ಡಿಸ್ಚಾರ್ಜ್ ನಂತರದ ಮೊದಲ ಕೆಲವು ವಾರಗಳೇ ಅತಿ ಅಪಾಯದ ಕಾಲ. ಈ ಅವಧಿಯಲ್ಲಿ ಮಧುಮೇಹಿಯ ಕೈಯಲ್ಲಿ ಸಾಮಾನ್ಯವಾಗಿ ಎರಡು ಚೀಟಿಗಳಿರುತ್ತವೆ: ಹೃದಯದ ಡಾಕ್ಟರು ಬರೆದದ್ದು, ಶುಗರ್ ಡಾಕ್ಟರು ಮೊದಲೇ ಬರೆದದ್ದು. ಆಸ್ಪತ್ರೆಯಲ್ಲಿ ನಿಲ್ಲಿಸಿದ ಪಯೋಗ್ಲಿಟಜೋನ್ ಹಳೆಯ ಚೀಟಿಯ ಮೂಲಕ ಮತ್ತೆ ಹೊಟ್ಟೆ ಸೇರುವುದು ಹೀಗೆ. ಆದ್ದರಿಂದ ಬಿಡುಗಡೆಯ ದಿನ ಎರಡನ್ನೂ ಕೂಡಿಸಿ ಕನ್ನಡದಲ್ಲಿ ಒಂದೇ ಹಾಳೆ ಬರೆದುಕೊಡಬೇಕು. ಅದರಲ್ಲಿ ಒಣ ತೂಕ, ಎಕೋ ಫಲಿತಾಂಶ, ಕೊನೆಯ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ, ತೆಗೆದುಕೊಳ್ಳಬೇಕಾದ ಮಾತ್ರೆ, ಕಾರಣಸಹಿತ ನಿಲ್ಲಿಸಿದ ಮಾತ್ರೆ, ಮುಂದಿನ ಭೇಟಿಯ ದಿನ ಮತ್ತು ಸ್ಥಳ ಇರಬೇಕು. ಮೂರು ದಿನದಲ್ಲಿ ಎರಡು ಕಿಲೊ ತೂಕ ಏರಿದರೆ ಕಾಯದೆ ಆಸ್ಪತ್ರೆಗೆ ಬನ್ನಿ ಎಂಬ ಸಾಲು ದಪ್ಪಕ್ಷರದಲ್ಲಿರಬೇಕು. ಓದು ಬಾರದವರಿಗೆ ಬೆಳಿಗ್ಗೆಯ ಸೂರ್ಯ, ರಾತ್ರಿಯ ಚಂದ್ರನ ಚಿತ್ರ ಬರೆದು, ಹೇಳಿದ್ದನ್ನು ಅವರ ಬಾಯಿಂದಲೇ ಮತ್ತೊಮ್ಮೆ ಹೇಳಿಸಬೇಕು. ಮಾತ್ರೆ ಕೊಡುವವರು ಸೊಸೆಯೋ ಮಗನೋ ಆಗಿದ್ದರೆ ಪಾಠ ಅವರಿಗೇ ಆಗಬೇಕು.

ಮುಂದಿನ ಭೇಟಿ ಏಳರಿಂದ ಹದಿನಾಲ್ಕು ದಿನದೊಳಗೆ ಆಗಬೇಕು. 2022ರಲ್ಲಿ ಪ್ರಕಟವಾದ 1,078 ರೋಗಿಗಳ ಅಂತರರಾಷ್ಟ್ರೀಯ ಪ್ರಯೋಗವೊಂದರಲ್ಲಿ ಡಿಸ್ಚಾರ್ಜ್‌ ಆದ ಎರಡೇ ವಾರದಲ್ಲಿ ಔಷಧಗಳನ್ನು ಪೂರ್ಣ ಪ್ರಮಾಣಕ್ಕೆ ಏರಿಸಿ, ಒಂದು, ಎರಡು, ಮೂರು ಮತ್ತು ಆರನೇ ವಾರ ರೋಗಿಗಳನ್ನು ಪರೀಕ್ಷಿಸಲಾಯಿತು. ಆರು ತಿಂಗಳಲ್ಲಿ ಸಾವು ಅಥವಾ ಮರುದಾಖಲಾತಿ ಅವರಲ್ಲಿ ಶೇ 15ರಷ್ಟಿದ್ದರೆ, ಎಂದಿನ ಆರೈಕೆ ಪಡೆದವರಲ್ಲಿ ಶೇ 23ರಷ್ಟಿತ್ತು. ಅಲ್ಲಿ ಬಳಸಿದ್ದು ಹಳೆಯ ಔಷಧಗಳೇ. ಅವುಗಳ ಪ್ರಮಾಣವನ್ನು ಬೇಗನೆ ಏರಿಸಿ, ರೋಗಿಯನ್ನು ಮತ್ತೆ ಮತ್ತೆ ನೋಡಿದ್ದೇ ಈ ವ್ಯತ್ಯಾಸಕ್ಕೆ ಕಾರಣ.

ದೇವದುರ್ಗದ ರೋಗಿ ಆರು ವಾರದಲ್ಲಿ ನಾಲ್ಕು ಸಲ ರಾಯಚೂರಿಗೆ ಬಂದು ಹೋಗುವುದೆಂದರೆ ಇಬ್ಬರ ಬಸ್‌ಚಾರ್ಜು, ನಾಲ್ಕು ದಿನದ ಕೂಲಿ ಹೋದಂತೆಯೇ. ಆ ಭೇಟಿಗಳಲ್ಲಿ ಬೇಕಾದದ್ದು ತೂಕ, ರಕ್ತದೊತ್ತಡ, ನಾಡಿ, ಸಕ್ಕರೆ, ಕ್ರಿಯಾಟಿನಿನ್, ಪೊಟ್ಯಾಸಿಯಂ. ಇವನ್ನು ತಾಲೂಕು ಆಸ್ಪತ್ರೆಯ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ರೋಗಗಳ) ಕ್ಲಿನಿಕ್‌ನಲ್ಲೇ ನೋಡಿ, ಔಷಧದ ಪ್ರಮಾಣವನ್ನು ಜಿಲ್ಲಾ ಕೇಂದ್ರದ ವೈದ್ಯರ ಜೊತೆ ಫೋನಿನಲ್ಲಿ ಮಾತಾಡಿ ನಿರ್ಧರಿಸಬಹುದು. ಹೃದಯ ಜ್ಯೋತಿಯಲ್ಲಿ ಇಸಿಜಿಗೆ ಮಾಡಿದ ಏರ್ಪಾಡನ್ನು ಇದಕ್ಕೂ ವಿಸ್ತರಿಸಿದರೆ ಸಾಕು. ಸಕ್ಕರೆ, ರಕ್ತದೊತ್ತಡದ ಔಷಧಗಳನ್ನು ಮನೆಬಾಗಿಲಿಗೆ ತಲುಪಿಸಲು ರಾಜ್ಯ ಸರ್ಕಾರ 2024ರಲ್ಲಿ ಶುರು ಮಾಡಿದ ಗೃಹ ಆರೋಗ್ಯ ಯೋಜನೆಯ ಸಿಬ್ಬಂದಿ ಮತ್ತು ಆಶಾ ಕಾರ್ಯಕರ್ತೆಯರು ಕಾಲು ಬಾವು ಒತ್ತಿ ನೋಡಿ ತೂಕ ಬರೆದುಕೊಳ್ಳಬಹುದು. ಗುಳೆ ಹೋಗುವವರಿಗೆ ಎರಡು ತಿಂಗಳ ಮಾತ್ರೆ ಒಟ್ಟಿಗೆ ಕೊಟ್ಟು, ಚೀಟಿಯ ಫೋಟೊ ಅವರ ಮೊಬೈಲ್‌ನಲ್ಲಿ ಉಳಿಯುವಂತೆ ನೋಡಿಕೊಳ್ಳಬೇಕು.

ಊಟದ ಸಲಹೆ ಊರಿನ ತಟ್ಟೆಗೆ ಹೊಂದಬೇಕು. ಜೋಳದ ರೊಟ್ಟಿಯಲ್ಲಿ ಉಪ್ಪು ಅಷ್ಟಿರುವುದಿಲ್ಲ. ಉಪ್ಪು ಇರುವುದು ಅದರ ಪಕ್ಕದ ಉಪ್ಪಿನಕಾಯಿ, ಶೇಂಗಾ ಚಟ್ನಿಪುಡಿ, ಹಪ್ಪಳ ಮತ್ತು ಬೆಳಗಿನ ಮಂಡಾಳು ಒಗ್ಗರಣೆ, ಮಿರ್ಚಿಯಲ್ಲಿ. ಕಾಲುವೆ ನೀರು ಬಂದು ಭತ್ತ ಬೆಳೆದ ಮಾನ್ವಿ ಭಾಗದಲ್ಲಿ ಸಕ್ಕರೆಯವರ ತಟ್ಟೆಯಲ್ಲಿ ಅನ್ನದ ಗುಡ್ಡೆಯೂ ಚಿಕ್ಕದಾಗಬೇಕು.

ಅಳೆದರೆ ಮಾತ್ರ ಸುಧಾರಣೆ

ಒಳ್ಳೆಯ ನಿಯಮ ಗೋಡೆಗೆ ಅಂಟಿಸಿದ ಮಾತ್ರಕ್ಕೆ ಆರೈಕೆ ಸುಧಾರಿಸುವುದಿಲ್ಲ. ಅಮೆರಿಕದ 161 ಆಸ್ಪತ್ರೆಗಳಲ್ಲಿ ಹೃದಯ ವೈಫಲ್ಯದ ಆರೈಕೆ ಸುಧಾರಿಸಲೆಂದು ತರಬೇತಿ, ಸಲಹೆ, ಮಾಹಿತಿ ಎಲ್ಲವನ್ನೂ ಒದಗಿಸಿದ ದೊಡ್ಡ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ಎಂದಿನ ಆರೈಕೆಗಿಂತ ಹೆಚ್ಚಿನ ಲಾಭ ಅದರಲ್ಲಿ ಕಾಣಲಿಲ್ಲ. ವೈದ್ಯರಿಗೆ ತಿಳಿಸುವುದು ಸಾಲದು, ರೋಗಿಯನ್ನು ಬೆನ್ನುಹತ್ತಿ ನೋಡುವವರೊಬ್ಬರು ಬೇಕು ಎಂಬುದು, ಇದನ್ನು ಆರು ವಾರದಲ್ಲಿ ನಾಲ್ಕು ಸಲ ರೋಗಿಗಳನ್ನು ನೋಡಿದ ಆ ಪ್ರಯೋಗದ ಪಕ್ಕದಲ್ಲಿಟ್ಟು ಓದಿದರೆ ತಿಳಿಯುತ್ತದೆ. ವಾರ್ಡಿಗೆ ಒಬ್ಬ ನರ್ಸ್‌ಗೆ ಈ ಹೊಣೆ ಕೊಟ್ಟು, ಒಂದು ರಿಜಿಸ್ಟರ್ ಇಟ್ಟು, ತಿಂಗಳಿಗೊಮ್ಮೆ ಐದು ಅಂಕಿ ಎಣಿಸಿದರೆ ಸಾಕು: ಎಷ್ಟು ರೋಗಿಗಳ ತೂಕ ದಿನವೂ ದಾಖಲಾಯಿತು, ಎಷ್ಟು ಜನರ ಸಕ್ಕರೆ 70ಕ್ಕಿಂತ ಕೆಳಗಿಳಿಯಿತು, ಎಷ್ಟು ಜನ ಸೂಕ್ತ ಔಷಧಗಳೊಂದಿಗೆ ಮನೆಗೆ ಹೋದರು, ಎಷ್ಟು ಜನ ಹದಿನಾಲ್ಕು ದಿನದೊಳಗೆ ಮತ್ತೆ ಬಂದು ತೋರಿಸಿದರು, ಎಷ್ಟು ಜನ ತಿಂಗಳೊಳಗೆ ಮರುದಾಖಲಾದರು.

ರಾಯಚೂರಿಗೆ ದೊಡ್ಡ ಆಸ್ಪತ್ರೆ ಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ಹೃದಯ ಸೋತ ಸಕ್ಕರೆ ರೋಗಿಗೆ ಮುಂದಿನ ಆರು ವಾರಗಳಲ್ಲಿ ಬೇಕಾದದ್ದನ್ನೆಲ್ಲ ಈಗಿರುವ ವಾರ್ಡುಗಳು ಮತ್ತು ತಾಲೂಕು ಆಸ್ಪತ್ರೆಗಳೇ ಕೊಡಬಲ್ಲವು. ಜಿಲ್ಲಾ ಆರೋಗ್ಯ ಇಲಾಖೆ ಮತ್ತು ಬೋಧಕ ಆಸ್ಪತ್ರೆಗಳು ಒಟ್ಟಿಗೆ ಕುಳಿತು ಆ ಒಂದು ಹಾಳೆಯ ನಮೂನೆಯನ್ನು ಒಪ್ಪಿಕೊಳ್ಳುವುದರಿಂದ ಕೆಲಸ ಶುರುವಾಗಲಿ.